ನಮ್ಮೂರಲ್ಲಿ ಕರೆಂಟು ಹೆಚ್ಚಿದೆ

ನಮ್ಮೂರಿನ ಅಂಚೆ ಮೇಷ್ಟ್ರು ಶೇಷಪ್ಪನವರು ಹದಿನಾರು ವರ್ಷದಿಂದ ಕೂತು ಊಟ ಮಾಡಿದವರಲ್ಲ. ಒಂದು ಮಧ್ಯಾಹ್ನ ಯಾರೋ ಬಂದು ಕಾಗದ ಓದಿಕೊಡಿ ಎಂದು ದುಂಬಾಲು ಬಿದ್ದರಂತೆ. ಇವರಿಗೆ ರೇಗಿತು. ಪುರುಸೊತ್ತಿನ ಬಾಲಕ್ಕೆ ಆ ಎರಡಕ್ಷರ ಕಟ್ಟಿ ಆಡಿಬಿಟ್ಟರು. ಅಷ್ಟೇ. ಅಂದಿನಿಂದ ಅವರಿಗೆ ಪುರುಸೊತ್ತು ಸಿಕ್ಕಿದ್ದೇ ಸುಳ್ಳು. ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ನಡೆಯುತ್ತಲೇ ಉಣ್ಣುತ್ತಾರೆ. ಅವರ ಹೆಂಡತಿ ಸಾರಿನ ಪಾತ್ರೆ ಹಿಡಿದು ಹಿಂದೆ ಹಿಂದೆ ಹೋಗುತ್ತಾರೆ. ಮಗಳ ಮದುವೆಯಲ್ಲಿ ಮಂಟಪದ ಸುತ್ತ ಸುತ್ತು ಹೊಡೆಯುತ್ತಲೇ ಧಾರೆ ಎರೆದರು. ನೀರು ಅರ್ಧ ಅಳಿಯನ ಕೈಗೆ ಬಿತ್ತು, ಅರ್ಧ ಪುರೋಹಿತರ ಮೇಲೆ ಬಿತ್ತು.

ಯಾವ ಎರಡಕ್ಷರ ಎಂದು ನನ್ನ ಬಾಯಿಂದ ಹೇಳಿಸಬೇಡಿ. 'ಇದೆ' ಎಂಬುದಕ್ಕೆ ಎದುರು ಮಾತು ಯಾವುದೋ ಅದು. ನಮ್ಮೂರಲ್ಲಿ ಯಾವುದರ ಜೊತೆ ಅದನ್ನು ಸೇರಿಸಿ ಆಡುತ್ತೀರೋ, ಅದು ಮತ್ತೆ ನಿಮ್ಮ ಹೊಸಿಲು ತುಳಿಯದು. ಸ್ವಂತ ಮನೆಯ ಬಗ್ಗೆ ಆಡಿದರೆ ಆ ಮನೆಗೆ, ಊರಿನ ಬಗ್ಗೆ ಆಡಿದರೆ ಊರಿಗೇ. ಪ್ರಶ್ನೆಯಾಗಿ ಕೇಳಿದರೆ ತೊಂದರೆಯಾಗದು, ಹೇಳಿಕೆಯಾಗಿ ಬಾಯಿಂದ ಹೊರಟರೆ ಮುಗಿಯಿತು. ಇನ್ನೊಬ್ಬರು ಆಡಿದ್ದನ್ನು ಇದ್ದ ಹಾಗೆ ಬರೆದರೆ ಬರೆದವರಿಗೆ ತಾಗದಂತೆ. ಆದರೂ ಯಾಕೆ ಬೇಕು ಎಂದು ನಾನು ಈ ಕಥೆಯನ್ನು ಕಾಲಡಿ ನೋಡಿಕೊಂಡು ನಡೆಯುವ ಹಾಗೆ ಬರೆಯುತ್ತಿದ್ದೇನೆ.

ಹಾಗಾದರೆ ಮನೆಯಲ್ಲಿ ಅಕ್ಕಿ ಮುಗಿದಾಗ ನಾವು ಏನನ್ನುತ್ತೇವೆ? 'ಅಕ್ಕಿ ಹೆಚ್ಚಿದೆ' ಅನ್ನುತ್ತೇವೆ. ಕುಂಕುಮ ಮುಗಿದರೆ, ಬಳೆ ಒಡೆದರೆ ಹೀಗೆ ಅನ್ನುವುದು ಬೇರೆ ಕಡೆಯೂ ಉಂಟು ಎಂದು ಕೇಳಿದ್ದೇನೆ. ನಮ್ಮಲ್ಲಿ ಸಕಲಕ್ಕೂ ಅದೇ. ಬಸ್ಸು ತಪ್ಪಿದರೆ ಬಸ್ಸು ಹೆಚ್ಚಿದೆ. ಕೊಡೆ ಕಳೆದರೆ ಕೊಡೆ ಹೆಚ್ಚಿದೆ. ಒಮ್ಮೆ ಶಾಲೆಗೆ ಬಂದ ಇನ್‌ಸ್ಪೆಕ್ಟರು ಐದರಲ್ಲಿ ಐದು ಕಳೆದರೆ ಎಷ್ಟು ಎಂದು ಕೇಳಿದ್ದಕ್ಕೆ ಇಡೀ ತರಗತಿ ಎದ್ದು ನಿಂತು 'ಹೆಚ್ಚೈತೆ ಸಾ' ಎಂದು ಕೂಗಿತ್ತು. ಅವರು ಮತ್ತೆ ಈ ಕಡೆ ತಲೆ ಹಾಕಿದವರಲ್ಲ.

ನಾನು ಇದೇ ಊರಿನವಳು, ಇದೇ ಊರಿನ ದಾದಿ. ಹೆಸರು ವಾರಿಜಾ. ಆರೋಗ್ಯ ಕೇಂದ್ರವೆಂದರೆ ಎರಡು ಕೋಣೆ: ಮುಂದಿನದು ರೋಗಿಗಳಿಗೆ, ಹಿಂದಿನದು ನನಗೆ. ಐದು ವರ್ಷದ ಹಿಂದೆ ಇಲಾಖೆಯವರು ಲಸಿಕೆ ಇಡಲು ಎಂದು ಒಂದು ಫ್ರಿಜ್ಜು ಕಳಿಸಿದರು. ಕರೆಂಟು ಕಳಿಸುವುದನ್ನು ಮರೆತರು. ಬಾಗಿಲು ತೆಗೆದಿಟ್ಟ ಫ್ರಿಜ್ಜಿನೊಳಗೆ ನನ್ನ ಕೋಳಿ ಮೊಟ್ಟೆ ಇಡಲು ಶುರುಮಾಡಿತು. ಮೇಲಿನ ತಟ್ಟೆಯಲ್ಲಿ ಚೀಟಿಗಳು, ಕೆಳಗಿನ ತಟ್ಟೆಯಲ್ಲಿ ಕೋಳಿ. ನಾನು ಮಾತ್ರ ಪ್ರತಿ ಗುರುವಾರ ತಾಲ್ಲೂಕು ಆಸ್ಪತ್ರೆಯಿಂದ ಮಂಜುಗಡ್ಡೆಯ ಡಬ್ಬಿಯಲ್ಲಿ ಲಸಿಕೆ ಹೊತ್ತು ತರುವುದು, ದಾರಿಯುದ್ದಕ್ಕೂ ಗಡ್ಡೆ ಕರಗುವುದನ್ನು ಎದೆ ಹಿಡಿದು ನೋಡುವುದು. ಎರಡು ವರ್ಷದ ಹಿಂದೆ ಬಸ್ಸು ಹಳ್ಳದಲ್ಲಿ ಕೆಟ್ಟು ನಿಂತಿತು. ಬಿಸಿಲು ಏರಿತು. ಇಳಿಯುವ ಹೊತ್ತಿಗೆ ಡಬ್ಬಿಯಲ್ಲಿದ್ದದ್ದು ಬೆಚ್ಚಗಿನ ನೀರು. ಅಷ್ಟನ್ನೂ ಚೆಲ್ಲಿದೆ. ಮುಂದಿನ ಡಬ್ಬಿ ಬರುವ ಮೊದಲೇ ಊರಿಗೆ ದಡಾರ ಬಂತು, ಎರಡು ಮಕ್ಕಳು ಹೋದವು. ಎರಡರ ಹೆರಿಗೆಯನ್ನೂ ಮಾಡಿಸಿದವಳು ನಾನೇ. ಆ ಸಂಕಟ ನನ್ನ ಎದೆಯಿಂದ ಇನ್ನೂ ಇಳಿದದ್ದಲ್ಲ. ನನಗೆ ಫ್ಯಾನು ಬೇಡ, ಟೀವಿ ಬೇಡ. ಆ ಪೆಟ್ಟಿಗೆ ತಣ್ಣಗಾಗಬೇಕಿತ್ತು, ಅಷ್ಟೇ.

ಅದಾದ ಮೇಲಿನ ಬೇಸಿಗೆಯಲ್ಲಿ ಸಮೀಕ್ಷೆಯವರು ಬಂದರು. ಕರೆಂಟು ಕಾಣದ ಊರುಗಳಿಗೆ ಬಿಸಿಲಿನಿಂದ ಕರೆಂಟು ಕೊಡುವ ಯೋಜನೆಯಂತೆ. ಯಾವ ಊರಿಗೆ ಎಷ್ಟು ಬೇಕೆಂದು ಮೊದಲು ಪಟ್ಟಿ ಮಾಡಬೇಕಂತೆ. ಬಂದವರು ಒಬ್ಬರೇ, ಐವತ್ತರ ಆಸುಪಾಸು, ಕಂಕುಳಲ್ಲಿ ಫಾರಂಗಳ ಕಟ್ಟು, ಸಂಜೆಯ ಬಸ್ಸಿಗೆ ಮರಳುವ ಅವಸರ. ಬಾಗಿಲಲ್ಲೇ ನಿಂತು, ತಲೆ ಎತ್ತದೆ, 'ವಿದ್ಯುತ್?' ಎಂದು ಒಂದೇ ಮಾತು ಕೇಳುವುದು. ನಮ್ಮವರು ಮರ್ಯಾದೆಯಿಂದ 'ಹೆಚ್ಚೈತೆ ಸ್ವಾಮಿ' ಅನ್ನುವುದು. ನೂರ ಹನ್ನೊಂದು ಮನೆ. ಮೊದಲ ಹತ್ತು ಮನೆಗಳಲ್ಲಿ ಅವರ ಹುಬ್ಬು ಮೇಲೇರಿತ್ತು, ನಲವತ್ತನೆಯ ಮನೆಯ ಹೊತ್ತಿಗೆ ಇಳಿಯಿತು, ಆಮೇಲೆ ಕೇಳುವುದನ್ನೇ ಬಿಟ್ಟು ಗುರುತು ಹಾಕಿಕೊಂಡು ಹೋದರು. ನನ್ನಲ್ಲಿಗೂ ಬಂದರು. ಕಾಫಿ ಕೊಟ್ಟೆ. "ಸಿಸ್ಟರ್, ಇಲ್ಲಿ ವಿದ್ಯುತ್?" ಎಂದರು. ನಾನು ಪಟ್ಟಣದಲ್ಲಿ ಮೂರು ವರ್ಷ ತರಬೇತಿ ಪಡೆದು ಬಂದವಳು. ಒಂದು ಗಳಿಗೆ ನಿಂತು ಯೋಚಿಸಬಹುದಿತ್ತು. ಆದರೆ ನಾಲಿಗೆ ಈ ಊರಿನದು. "ಹೆಚ್ಚಿದೆ ಸಾರ್" ಅಂದುಬಿಟ್ಟೆ.

ಅವರ ಫಾರಂಗಳಲ್ಲಿ ಪ್ರತಿ ಪ್ರಶ್ನೆಗೂ ಮೂರು ಖಾನೆಗಳಂತೆ. ಮೊದಲನೆಯದು ಇದೆ, ಎರಡನೆಯದು ಆ ಎರಡಕ್ಷರ, ಮೂರನೆಯದು ಹೆಚ್ಚುವರಿ. ನೂರ ಹನ್ನೊಂದು ಗುರುತುಗಳೂ ಮೂರನೆಯದರಲ್ಲಿ ಬಿದ್ದವು.

ನಾಲ್ಕು ತಿಂಗಳಾದ ಮೇಲೆ ಕಾಗದ ಬಂತು. ಪಂಚಾಯ್ತಿ ಅಧ್ಯಕ್ಷ ಬಸವಂತಪ್ಪ ಎಲ್ಲರನ್ನೂ ಸೇರಿಸಿ ಗಟ್ಟಿಯಾಗಿ ಓದಿದ. ಯಾರ ನೆರವೂ ಬೇಡದೆ ಇಷ್ಟೊಂದು ವಿದ್ಯುತ್ ಉತ್ಪಾದಿಸಿದ್ದಕ್ಕೆ ಅಭಿನಂದನೆ. ಆದಕಾರಣ ತಮ್ಮ ಊರನ್ನು ಯೋಜನೆಯಿಂದ ಕೈಬಿಡಲಾಗಿದೆ. ಹೆಚ್ಚುವರಿ ವಿದ್ಯುತ್ತನ್ನು ನೆರೆಯ ಆಚೆಹಳ್ಳಿಗೆ ಹರಿಸತಕ್ಕದ್ದು.

"ಅಂದ್ರೆ ನಮಗೆ ಕೊಡ್ತಾರೋ, ನಮ್ಮಿಂದ ಇಸ್ಕಂತಾರೋ?" ಎಂದು ಬಸವಂತಪ್ಪ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ.

ಮರುವಾರವೇ ಕಂಬ ನೆಡುವವರು ಬಂದರು. ಆಚೆಹಳ್ಳಿಯಿಂದ ಹೊಲ ದಾಟಿಸಿ, ಕೆರೆ ಏರಿ ಹತ್ತಿಸಿ, ನಮ್ಮ ಸಂತೆಕಟ್ಟೆಯವರೆಗೆ ತಂತಿ ಎಳೆದು, ತುದಿಯನ್ನು ಕೈಗೆ ಎಟಕುವ ಎತ್ತರದಲ್ಲಿ ಜೋತುಬಿಟ್ಟು, "ಇದಕ್ಕೆ ನಿಮ್ಮ ಕರೆಂಟು ಕಟ್ಟಿಬಿಡಿ" ಎಂದು ಹೇಳಿ ಹೋದರು. ಅದರ ಹಿಂದೆಯೇ ಆಚೆಹಳ್ಳಿಯ ಹಿರಿಯರು ಹಣ್ಣುಕಾಯಿ, ಹೂವಿನ ತಟ್ಟೆಗಳ ಸಮೇತ ಬಂದು ನಮ್ಮ ಔದಾರ್ಯವನ್ನು ಕೊಂಡಾಡಿದರು. ನಮಗೆ ನಾಚಿಕೆ. ತಟ್ಟೆ ಹೊತ್ತು ಬಂದವರಿಗೆ ನಿಜ ಹೇಳಬೇಕಲ್ಲ, "ಕರೆಂಟು ಹೆಚ್ಚೈತೆ ಕಣ್ರಪ್ಪಾ" ಎಂದೆವು. "ಗೊತ್ತು, ಅದಕ್ಕೇ ಬಂದಿದ್ದು" ಎಂದರು. ಒಂದು ತಿಂಗಳು ಕಾದರು, ಎರಡು ತಿಂಗಳು ಕಾದರು. ಇಟ್ಟುಕೊಂಡೂ ಕೊಡದ ಜನ ಎಂದು ಆಮೇಲೆ ನಮ್ಮವರ ಮುಖ ಕಂಡರೆ ಉಗಿಯತೊಡಗಿದರು. ಮಾತಾಗಿದ್ದ ಎರಡು ಮದುವೆ ಮುರಿದುಬಿದ್ದವು. ಕೊನೆಗೆ ಅವರೇ ಮೇಲಿನವರಿಗೆ ದೂರು ಕೊಟ್ಟದ್ದರಿಂದ ಯೋಜನಾಧಿಕಾರಿ ಚಂದ್ರಹಾಸ ಎಂಬವರು ಖುದ್ದು ಬಂದರು.

ಚಂದ್ರಹಾಸರು ಬಸ್ಸಿನಿಂದ ಇಳಿದವರೇ ಫೋನನ್ನು ತಲೆಯ ಮೇಲೆತ್ತಿ ಆಕಾಶಕ್ಕೆ ಹಿಡಿದು, "ಛೇ, ಸಿಗ್ನಲ್ಲೇ—" ಎಂದು ಆ ಎರಡಕ್ಷರವನ್ನೂ ಸೇರಿಸಿ ಅಂದರು. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಲೆಯ ಮೇಲೆ ಕೈಯಿಟ್ಟುಕೊಂಡರು. ಬಸವಂತಪ್ಪ ಹತ್ತಿರ ಹೋಗಿ, "ಆಯ್ತು ಬಿಡಿ ಸಾಹೇಬ್ರೆ. ಇನ್ನು ಆ ಫೋನು ಟೈಮ್ ನೋಡಕ್ಕೆ, ಹಾಡು ತುಂಬಕ್ಕೆ ಅಷ್ಟೆ" ಅಂದ. ಅವರು ನಕ್ಕರು. ಮಧ್ಯಾಹ್ನ ಬಸವಂತಪ್ಪನ ಮನೆಯಲ್ಲಿ ಊಟಕ್ಕೆ ಕೂತಾಗ ಸಾರಿನ ಉಪ್ಪಿಗೂ ಆ ಎರಡಕ್ಷರ ಸೇರಿಸಿ ಬಾಯಿತಪ್ಪಿ ಅಂದುಬಿಟ್ಟರು. ಆ ಮೇಲೆ ಎಷ್ಟು ಉಪ್ಪು ಹಾಕಿಕೊಂಡರೂ ಅವರ ನಾಲಿಗೆಗೆ ಅದು ಮರಳು. ಉಪ್ಪಿನ ಡಬ್ಬಿಯನ್ನೇ ಅಂಗೈಗೆ ಸುರಿದುಕೊಂಡು ನೆಕ್ಕಿ ನೋಡಿದರು. ನಗು ನಿಂತಿತು.

ಆದರೂ ಅವರು ಬಂದ ಕೆಲಸ ಬಿಡುವವರಲ್ಲ. ಹೆಚ್ಚುವರಿ ಕರೆಂಟು ಎಲ್ಲಿ ಹುಟ್ಟುತ್ತಿದೆ ಎಂದು ಊರಿಡೀ ಹುಡುಕಿದರು. ಬಾವಿಯೊಳಗೆ ಇಣುಕಿದರು, ಗಿರಣಿಯ ಹಿಂದೆ ನೋಡಿದರು, ಗೋಬರ್ ಗುಂಡಿಯ ಮುಚ್ಚಳ ತೆಗೆಸಿ ಮೂಗು ಮುಚ್ಚಿಕೊಂಡರು. ಕೊನೆಗೆ ನನ್ನಲ್ಲಿಗೆ ಬಂದು ಫ್ರಿಜ್ಜಿನ ಬಾಗಿಲು ತೆಗೆದರು. ಕೋಳಿ ಅವರನ್ನು ನೋಡಿತು.

"ಸಿಸ್ಟರ್, ಇದಕ್ಕೆ ಕರೆಂಟು?"

"ಹೆಚ್ಚಿದೆ ಸಾರ್."

ಅವರು ಕೋಳಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಈ ಕೋಳಿಗೆ ಕೊಂಬು?" ಎಂದು ಕೇಳಿದರು.

"ಹೆಚ್ಚಿದೆ ಸಾರ್."

ಚಂದ್ರಹಾಸರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಜೊತೆಗೆ ತಂದಿದ್ದ ಕಟ್ಟಿನಿಂದ ನೂರ ಹನ್ನೊಂದು ಫಾರಂಗಳನ್ನು ತೆಗೆದು ಒಂದೊಂದನ್ನೇ ನೋಡುತ್ತ, "ಅಯ್ಯೋ ದೇವರೇ, ಅಯ್ಯೋ ದೇವರೇ" ಎಂದು ಬಹಳ ಹೊತ್ತು ಅಂದರು. ನನಗೂ ಆಗಲೇ ಹೊಳೆದದ್ದು. ನಾಚಿಕೆಯಿಂದ ಮುಖ ಎತ್ತಲಾಗದೆ ನಿಂತೆ. ನನ್ನ ಫ್ರಿಜ್ಜನ್ನು ನನ್ನ ಬಾಯಿಂದಲೇ ಕಳೆದುಕೊಂಡಿದ್ದೆ.

ಆತ ಒಳ್ಳೆಯ ಮನುಷ್ಯ ಎಂದೇ ಹೇಳಬೇಕು. ಬೈದು ಹೋಗಬಹುದಾಗಿತ್ತು, ಉಪ್ಪು ಕಳೆದುಕೊಂಡವರು ಬೇರೆ. ಆರು ದಿನ ಉಳಿದರು. ಊರಿನ ಹೊರಗಿನ ಬೋಳುಬಂಡೆಯನ್ನು ಹತ್ತಿ ಇಳಿದು ಬಿಸಿಲು ಅಳೆದರು. ಎಷ್ಟು ಸೋಲಾರ್ ಹಲಗೆ, ಎಷ್ಟು ಬ್ಯಾಟರಿ, ಮೂರು ದಿನ ಮೋಡ ಕವಿದರೆ ಏನು ಮಾಡುವುದು, ಎಲ್ಲ ನಕ್ಷೆ ಬರೆದರು. ಮನೆ ಮನೆಗೆ ಹೋಗಿ, ಏನು ಏನು ಬೇಕು ಎಂದು ಕೇಳಿ ಬರೆದುಕೊಂಡರು. ಬಸವಂತಪ್ಪ ಮಿಕ್ಸಿ ಬರೆಸಿದ, ಟೀವಿ ಬರೆಸಿದ, ಅಧ್ಯಕ್ಷನ ಮನೆ ಎಂದು ಗೊತ್ತಾಗಲು ಗೇಟಿಗೆ ಕೆಂಪು ದೀಪ ಬರೆಸಿದ. ಶೇಷಪ್ಪನವರು ಜೊತೆಯಲ್ಲಿ ನಡೆಯುತ್ತಲೇ, ತಾವು ಓಡಾಡುವ ದಾರಿಯುದ್ದಕ್ಕೂ ಒಂದೊಂದು ಫ್ಯಾನು ಆದೀತೇ ಎಂದು ವಿಚಾರಿಸಿದರು. ಕೌದಿ ಹೊಲಿಯುವ ಸಾಕಮ್ಮ ಮಾತ್ರ ಒಂದೇ ಒಂದು ಬಲ್ಬು ಕೇಳಿದರು. "ನನ್ನ ಬಲಗಡೆಗೆ ಬರ್ಬೇಕು ಸ್ವಾಮಿ. ಎಡಗಡೆ ಇಟ್ರೆ ಕೈ ನೆರಳು ಸೂಜಿ ಮ್ಯಾಲೆ ಬೀಳ್ತದೆ." ಅರವತ್ತರ ಹೆಂಗಸು, ಒಂಟಿ. ಕಣ್ಣು ಮಂಜಾಗಿ, ಸೂಜಿಗೆ ದಾರ ಪೋಣಿಸಲು ಬೀದಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದರು. ಬಲ್ಬನ್ನು ಆಗಲೇ ತಂದು ಹಳೆ ಸೀರೆಯಲ್ಲಿ ಸುತ್ತಿಟ್ಟಿದ್ದರು. ಚಂದ್ರಹಾಸರು ನಕ್ಷೆಯಲ್ಲಿ ಅವರ ಮನೆಯ ಪಕ್ಕ 'ಬಲಗಡೆ' ಎಂದೇ ಬರೆದುಕೊಂಡರು.

ನಕ್ಷೆಯೇನೋ ಮುಗಿಯಿತು. ಊರು ಪಟ್ಟಿಗೆ ಮತ್ತೆ ಸೇರಬೇಕಲ್ಲ? ಅದಕ್ಕೆ ತಿದ್ದುಪಡಿ ಫಾರಂ ಉಂಟು. ಒಂದೇ ಒಂದು ಮನೆಯ ಯಜಮಾನರು ಹೇಳಿಕೆ ಕೊಟ್ಟರೂ ಹಳೆಯ ಸಮೀಕ್ಷೆ 'ತಪ್ಪು' ಎಂದು ಬಿದ್ದುಹೋಗುತ್ತದೆ. ಆದರೆ ಒಮ್ಮೆ ಮೋಸಹೋದ ಕಚೇರಿ ಈ ಸಲ ಬಿಗಿಯಾಗಿತ್ತು: ಹೇಳಿಕೆಯನ್ನು ಊರಲ್ಲೇ, ಸ್ವಂತ ಬಾಯಿಂದ ಹೇಳಬೇಕು, ಅದನ್ನು ಫೋನಿನಲ್ಲಿ ರೆಕಾರ್ಡು ಮಾಡಬೇಕು, ಮತ್ತು ಆ ಎರಡಕ್ಷರ ಸ್ಪಷ್ಟವಾಗಿ ಕೇಳಿಸಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ಮುಂದಿನ ಪಟ್ಟಿ ಹತ್ತು ವರ್ಷಕ್ಕೆ.

"ಇಷ್ಟೇ ತಾನೆ, ಬೇಕಾದ್ರೆ ನಾನೇ ಹೇಳಿಬಿಡ್ತೀನಿ" ಎಂದು ಚಂದ್ರಹಾಸರು ಸಲೀಸಾಗಿ ಫೋನನ್ನು ಬಾಯಿಯ ಹತ್ತಿರ ತಂದು, "ಈ ಊರಲ್ಲಿ ಕರೆಂಟು—" ಅನ್ನುವಷ್ಟರಲ್ಲಿ ಬಸವಂತಪ್ಪ ಕೈಯಲ್ಲಿದ್ದ ಬಾಳೆಹಣ್ಣನ್ನು ಸಿಪ್ಪೆಯ ಸಮೇತ ಅವರ ಬಾಯಿಗೆ ತುರುಕಿದ. ಒಂದು ಗಳಿಗೆ ತಡವಾಗಿದ್ದರೆ ಇಡೀ ಊರಿಗೆ ಶಾಶ್ವತವಾಗಿ ಕತ್ತಲು. ಚಂದ್ರಹಾಸರು ಸಿಪ್ಪೆ ಉಗುಳಿ, ಬೆವರು ಒರೆಸಿಕೊಂಡು, "ಕ್ಷಮಿಸಿ" ಅಂದರು.

ಮರುದಿನ ಮಧ್ಯಾಹ್ನ ಶಾಲೆಯಲ್ಲಿ ಸಭೆ. ಒಂದು ಮನೆ ಆ ಮಾತು ಆಡಬೇಕು, ಆಡಿದ ಮನೆಗೆ ಕರೆಂಟು ಎಂದೆಂದಿಗೂ ಬಾರದು, ಉಳಿದ ನೂರ ಹತ್ತು ಮನೆ ಬೆಳಗುತ್ತವೆ. ಇಷ್ಟು ಎಲ್ಲರಿಗೂ ತಿಳಿದಿತ್ತು. ಆ ಪುಣ್ಯವನ್ನು ಪಕ್ಕದವರಿಗೆ ಬಿಟ್ಟುಕೊಡಲು ಪ್ರತಿಯೊಬ್ಬರೂ ಮುಂದಾದರು. ಇಷ್ಟು ತ್ಯಾಗ ನಮ್ಮೂರಲ್ಲಿ ಹಿಂದೆ ಯಾರೂ ಕಂಡದ್ದಲ್ಲ.

"ಬಸವಂತಪ್ಪ ಅಧ್ಯಕ್ಷ, ಅವನೇ ಹೇಳ್ಲಿ" ಎಂದು ಒಂದು ದನಿ.

"ಅಧ್ಯಕ್ಷನ ಮನೇಲೇ ಕತ್ತಲು ಅಂದ್ರೆ ಊರಿನ ಮರ್ವಾದೆ ಹೆಚ್ಚಿಹೋಗ್ತದೆ" ಅಂದ ಬಸವಂತಪ್ಪ. ಚಂದ್ರಹಾಸರು ಇದು ಯಾವ ಹೆಚ್ಚಿಗೆ ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಹೊಸದಾಗಿ ಮದುವೆ ಆದೋರು ಹೇಳ್ಲಿ, ಅವ್ರಿಗ್ಯಾಕೆ ದೀಪ?" ಎಂದು ಇನ್ನೊಂದು ದನಿ. ನಗು. ಶೇಷಪ್ಪನವರು ಸಭೆಯ ಸುತ್ತ ಸುತ್ತುತ್ತ, "ನಾನು ಹೇಳ್ತಿದ್ದೆ, ಆದ್ರೆ ನನ್ನ ಬಾಯಿಂದ ಒಂದ್ಸಲ ಬಂದಿದ್ದೇ ಸಾಕಾಗೈತೆ" ಅಂದರು. ಅದು ಸರಿ ಎಂದು ಎಲ್ಲರೂ ಒಪ್ಪಿದರು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ನಿಂತವು. "ವಾರಿಜಕ್ಕ ಒಬ್ಬಂಟಿ. ಫ್ರಿಜ್ಜು ಬೇಕಾದೋಳೂ ಅವ್ಳೇಯ. ಅವ್ಳೇ ಹೇಳ್ಲಿ."

ನಾನು ಎದ್ದು ನಿಂತು, ನನ್ನ ಕೋಣೆಯೂ ಆಸ್ಪತ್ರೆಯ ಕೋಣೆಯೂ ಒಂದೇ ಸೂರಿನಡಿ, ನಾನು ಆಡಿದರೆ ಫ್ರಿಜ್ಜಿಗೂ ಸೇರಿಯೇ ಆಡಿದ ಹಾಗೆ ಎಂದೆ. ನಿಜವೇ. ಆದರೆ ಹಾಗೆ ಹೇಳಿ ಕೂತಾಗ ನನ್ನೊಳಗೆ ಒಂದು ನೆಮ್ಮದಿ ಆಯಿತು, ಸದ್ಯ ಪಾರಾದೆ ಎಂದು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ. ಎರಡು ಮಕ್ಕಳು ಹೋದ ಸಂಕಟ ಅಷ್ಟು ದೊಡ್ಡದಾಗಿದ್ದರೆ ಬೇರೆ ಮನೆ ಮಾಡಿಕೊಂಡು, ಆ ಮನೆಯ ಹೆಸರಿನಲ್ಲಾದರೂ ಆಡಬಹುದಿತ್ತಲ್ಲ. ಆ ಉಪಾಯ ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ.

ಎರಡು ಗಂಟೆಯ ಬಿಸಿಲು ಕಿಟಕಿಯಿಂದ ಬಂದು ಬೆಂಚುಗಳ ಮೇಲೆ ಬಿದ್ದಿತ್ತು. ಆಗ ಹೆಂಗಸರ ಸಾಲಿನಿಂದ ಸಾಕಮ್ಮ ಎದ್ದರು. ಮಂಡಿ ಹಿಡಿದುಕೊಂಡು ನಿಧಾನವಾಗಿ ಮೇಜಿನ ಹತ್ತಿರ ಬಂದು, "ಎತ್ತಗೆ ಮಾತಾಡ್ಬೇಕು ಸ್ವಾಮಿ? ಈ ಡಬ್ಬಿಗಾ?" ಎಂದು ಕೇಳಿದರು.

ನಾನು ಓಡಿಹೋಗಿ ಕೈ ಹಿಡಿದುಕೊಂಡೆ. "ಬೇಡಿ ಸಾಕಮ್ಮಾ. ನಿಮ್ಮ ಕಣ್ಣು... ಬಲ್ಬು ಬೇರೆ ತಂದಿಟ್ಟಿದ್ದೀರಿ."

"ಹೋದ ವರ್ಷ ಮಣ್ಣು ಮಾಡಿದ್ರಲ್ಲ, ಆ ಎರಡು ಕೂಸಿಗೂ ನಾನೇ ಕಣೇ ಕೌದಿ ಹೊಲ್ದಿದ್ದು" ಅಂದರು. "ಹೊದ್ದಿದ್ದು ಎಷ್ಟು ದಿನ? ನಿನ್ನ ಪೆಟ್ಟಿಗೆ ತಣ್ಣಗಿರ್ಬೇಕೋ ಬ್ಯಾಡ್ವೋ? ಕೈ ಬಿಡು."

ನಾನು ಕೈ ಬಿಟ್ಟೆ. ಚಂದ್ರಹಾಸರು ಫೋನು ಒತ್ತಿದರು. ಇಲ್ಲಿಯವರೆಗೆ ಆ ಮಾತನ್ನು ತಪ್ಪಿಸಿಕೊಂಡು ಬರೆದೆ, ಆದರೆ ಆಕೆ ಪೂರ್ತಿಯಾಗಿ ಆಡಿದ್ದನ್ನು ನಾನು ಅರ್ಧ ಮಾಡಲಾರೆ.

"ನನ್ನ ಮನೇಲಿ ಕರೆಂಟು ಇಲ್ಲ."

ಕಿವಿಗೆ ಕಾಯಿಸಿದ ಸೀಸ ಬಿದ್ದವರ ಹಾಗೆ ಎಲ್ಲರೂ ಮುಖ ಹಿಂಡಿಕೊಂಡರು. ಆದರೂ ಫಾರಂ ಪೂರ್ತಿ ತುಂಬದಿದ್ದರೆ ಕಚೇರಿ ಒಪ್ಪದು. ಚಂದ್ರಹಾಸರು ಮುಂದಿನ ಖಾನೆಗಳಿಗೆ ಹೋದರು. ಮನೆಯ ಯಜಮಾನರು? ನಾನೇ. ವಯಸ್ಸು? ಅರವತ್ತು ಅಂತ ಹಾಕ್ಕಳಿ. ಆಮೇಲೆ ತಲೆ ತಗ್ಗಿಸಿಯೇ, "ಮಕ್ಕಳು?" ಎಂದು ಕೇಳಿಬಿಟ್ಟರು.

ಶೇಷಪ್ಪನವರ ನಡಿಗೆ ಕೂಡ ನಿಧಾನವಾಯಿತು. ಸಾಕಮ್ಮನ ಹತ್ತಿರ ಯಾರೂ ಕೇಳದ ಮಾತು ಅದು. ಬೇರೆ ಊರಿನಿಂದ ಸೊಸೆಯಾಗಿ ಬಂದಾಗ ಆಕೆಗೆ ಹತ್ತೊಂಬತ್ತು. ಮದುವೆಯಾಗಿ ನಾಲ್ಕು ತಿಂಗಳು, ನಮ್ಮ ಮಾತಿನ ರೀತಿ ಇನ್ನೂ ರೂಢಿಯಾಗಬೇಕಿತ್ತು. ಅತ್ತೆ ಅಡುಗೆಮನೆಯಲ್ಲಿದ್ದಾಗ ಜನಗಣತಿಯವನು ಬಾಗಿಲಿಗೆ ಬಂದು ಹೀಗೆಯೇ, ತಲೆ ತಗ್ಗಿಸಿಕೊಂಡು, ಮಕ್ಕಳೆಷ್ಟು ಎಂದು ಕೇಳಿದ. ಹುಡುಗಿ ನಾಚಿಕೊಂಡು ನಗುತ್ತ ನಿಜವನ್ನೇ ಹೇಳಿದಳು, ಆ ಎರಡಕ್ಷರ ಸೇರಿಸಿ. ಅತ್ತೆ ಸೌಟು ಹಿಡಿದು ಓಡಿ ಬರುವಷ್ಟರಲ್ಲಿ ಅವನು ಬರೆದುಕೊಂಡು ಮುಂದಿನ ಮನೆಗೆ ಹೋಗಿದ್ದ. ಅಷ್ಟೇ ನಡೆದದ್ದು. ಗಂಡ ಆಕೆಯನ್ನು ಒಂದು ಮಾತು ಅಂದವರಲ್ಲ, ಸಾಯುವ ತನಕ ಚೆನ್ನಾಗಿ ನೋಡಿಕೊಂಡರು. ಊರಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಆಕೆ ಒಂದು ಕೌದಿ ಹೊಲಿದು ಕೊಡುತ್ತ ಬಂದಿದ್ದಾರೆ. ನನಗೂ ಹೊಲಿದಿದ್ದರು.

ಸಾಕಮ್ಮ ಬಹಳ ಹೊತ್ತು ಫಾರಂನ ಕಡೆ ನೋಡಿದರು. ಓದು ಬಾರದವರು, ಆದರೂ ಆ ಖಾನೆಯನ್ನೇ ನೋಡಿದರು. ಆಮೇಲೆ ಸಭೆಯ ಕಡೆಗೆ ತಿರುಗಿದರು. ಹೆಂಗಸರ ಮಡಿಲಲ್ಲಿ, ಕಿಟಕಿಯ ಸರಳುಗಳಲ್ಲಿ, ಬೆಂಚುಗಳ ಕೆಳಗೆ, ಎಲ್ಲ ಕಡೆ ಮಕ್ಕಳು.

"ಹೆಚ್ಚವೆ ಅಂತ ಬರ್ಕಳಿ ಸ್ವಾಮಿ" ಅಂದರು.

ಚಂದ್ರಹಾಸರು ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು. ಅಷ್ಟು ಹೊತ್ತಿಗೆ ಅವರಿಗೆ ನಮ್ಮೂರಿನ ಹೆಚ್ಚೂ ಗೊತ್ತಿತ್ತು, ಬೇರೆ ಊರುಗಳ ಹೆಚ್ಚೂ ಗೊತ್ತಿತ್ತು. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅವರು ಮೂರನೆಯ ಖಾನೆಯಲ್ಲಿ, ಹೆಚ್ಚುವರಿ ಎಂಬಲ್ಲಿ, ಗುರುತು ಹಾಕಿ ಸಹಿ ಮಾಡಿದರು.

ಚಳಿಗಾಲ ಮುಗಿಯುವ ಹೊತ್ತಿಗೆ ಬೋಳುಬಂಡೆಯ ಮೇಲೆ ಹಲಗೆಗಳು ನಿಂತವು. ಕೆಲಸಗಾರರು ಆಕಾಶ ನೋಡಿ ಬಿಸಿಲಿನ ಬಗ್ಗೆ ಏನಾದರೂ ಅಂದುಬಿಟ್ಟಾರು ಎಂದು ಬಸವಂತಪ್ಪ ಅವರ ಬಾಯಿಯಲ್ಲಿ ದಿನವಿಡೀ ಅಂಟಿನುಂಡೆ ಇರುವಂತೆ ನೋಡಿಕೊಂಡ. ಹನ್ನೆರಡು ದಿನದ ಕೆಲಸಕ್ಕೆ ಮೂರು ಮಣ ಅಂಟಿನುಂಡೆ ಹೆಚ್ಚಿತು. ನೂರ ಹತ್ತು ಮನೆಗೆ ದೀಪ ಬಂತು. ಮಧ್ಯಾಹ್ನ ಮಿಗುವ ಕರೆಂಟನ್ನು ಜೋತುಬಿದ್ದಿದ್ದ ಆ ತಂತಿಗೆ ಕಟ್ಟಿ ಆಚೆಹಳ್ಳಿಗೂ ಕೊಟ್ಟರು, ಮುರಿದ ಮದುವೆಗಳಲ್ಲಿ ಒಂದು ಕೂಡಿಕೊಂಡಿತು. ಸಾಕಮ್ಮನ ಮನೆಗೆ ಮೂರು ಸಲ ಹೊಸ ತಂತಿ ಎಳೆದು ನೋಡಿದರು. ಅಂಗಳದಲ್ಲಿ ಉರಿಯುವ ಬಲ್ಬು ಹೊಸಿಲು ದಾಟಿದ ಕೂಡಲೇ ಆರುತ್ತಿತ್ತು. "ಬಿಡ್ರಪ್ಪ, ಅದಕ್ಯಾಕೆ ಹಿಂಸೆ" ಎಂದು ಸಾಕಮ್ಮನೇ ಬಲ್ಬನ್ನು ಬಿಚ್ಚಿಸಿದರು. ನನ್ನ ಪೆಟ್ಟಿಗೆ ತಣ್ಣಗಾಯಿತು. ಕೋಳಿ ಸಿಟ್ಟಿನಿಂದ ನನ್ನ ಹಾಸಿಗೆಯ ಮೇಲೆ ಮೊಟ್ಟೆ ಇಡತೊಡಗಿತು.

ಮಳೆ ಹಿಡಿಯುವ ಮೊದಲು ಇನ್ನೊಂದು ಕಾಗದ ಬಂತು, ಮಕ್ಕಳ ಇಲಾಖೆಯಿಂದ. ಆ ಫಾರಂ ಎಷ್ಟು ಮೇಜು ದಾಟಿ ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಸದರಿ ಊರಿನ ಸದರಿ ಮನೆಯಲ್ಲಿ ಮಕ್ಕಳ ಸಂಖ್ಯೆ ಹೆಚ್ಚುವರಿಯಾಗಿರುವುದು ಕಂಡುಬಂದಿರುವುದರಿಂದ ಆ ಮನೆಯಲ್ಲಿಯೇ ಅಂಗನವಾಡಿ ನಡೆಸಲು ಮಂಜೂರಾತಿ ನೀಡಲಾಗಿದೆ. ಬಸವಂತಪ್ಪ ಓದಿ ಮುಗಿಸಿ, "ಮತ್ತೆ ತಪ್ಪು ಮಾಡವ್ರೆ ನೋಡಿ, ವಾಪಸ್ ಬರೆದು ಹಾಕನ" ಅಂದ. ಸಾಕಮ್ಮ ಆ ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡು ರವಿಕೆಯೊಳಗೆ ಸೇರಿಸಿಕೊಂಡು ಮನೆಗೆ ಹೋದರು. ಅವರು ಅಷ್ಟು ಬೇಗ ನಡೆದದ್ದನ್ನು ನಾನು ಕಂಡದ್ದು ಅದೇ ಮೊದಲು.

ಈಗ ಅಲ್ಲಿ ಮೂವತ್ತೊಂದು ಮಕ್ಕಳು. ಹುಟ್ಟಬಾರದು ಎಂದಷ್ಟೇ ಆ ಹಳೆಯ ಮಾತಿಗೆ ಬಲವಿತ್ತೋ ಏನೋ, ಬಾಗಿಲಿಂದ ನಡೆದು ಬರುವುದನ್ನು ಅದು ತಡೆಯಲಾರದಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಬರುತ್ತವೆ, ಬಿಸಿಲು ಇಳಿಯುವ ಮೊದಲು ಹೋಗುತ್ತವೆ. ಗುರುವಾರ ನಾನು ಲಸಿಕೆಯ ಡಬ್ಬಿ ಹಿಡಿದು ಹೋಗುತ್ತೇನೆ. ನಾಲ್ಕು ಮನೆಯಾಚೆಗೆ ಅಷ್ಟೇ, ಮಂಜುಗಡ್ಡೆ ಕಲ್ಲಿನ ಹಾಗೆ ಇರುತ್ತದೆ. ನನ್ನನ್ನು ಕಂಡ ಕೂಡಲೇ ಮೂವತ್ತೊಂದೂ ಒಟ್ಟಿಗೆ ಕಿರುಚಿಕೊಂಡು ಸಾಕಮ್ಮನ ಮೇಲೆ ಬೀಳುತ್ತವೆ. ಸೆರಗಿನಲ್ಲಿ ಎರಡು, ಬೆನ್ನ ಹಿಂದೆ ನಾಲ್ಕು, ಮಡಿಲಲ್ಲಿ ಜಾಗಕ್ಕೆ ಜಗಳ. "ಒಂದು ಮಡ್ಲು ಸಾಲ್ದು ಕಣೇ ವಾರಿಜಾ, ಎತ್ಲಾಗಾದ್ರೂ ಸಾಯ್ಲಿ ಇವು" ಎಂದು ಸಾಕಮ್ಮ ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಬೈಯುತ್ತಾರೆ. ಬೈಯುತ್ತಲೇ ಸೀರೆಯನ್ನು ಇನ್ನಷ್ಟು ಅಗಲವಾಗಿ ಹರಡಿ ಕೂರುತ್ತಾರೆ.